ಇಂದಿನ ಸುದ್ದಿ

ಗೇಟಿನ ಪಕ್ಕ, ಹೊಂಗೆಯ ನೆರಳಲ್ಲಿ
ಕಾಲು ಮುರಿದ ಕರಿಹಲಗೆ
ಇಟ್ಟಿಗೆಯ ಮೇಲೆ ಕುಂಟುತ್ತ ನಿಂತಿದೆ.
ಮೇಲೆ ತಾರೀಕು, ಅದರ ಕೆಳಗೆ ನುಡಿಮುತ್ತು.
ಮೂರು ವಾರದಿಂದ ಅದೇ ಮುತ್ತು:
ಕೈ ಕೆಸರಾದರೆ...
ಮುಂದಿನದ್ದನ್ನು ಯಾರದೋ ಬೆನ್ನು ಒರೆಸಿಕೊಂಡು ಹೋಗಿದೆ.
ಆಮೇಲೆ ಇಂದಿನ ಸುದ್ದಿ.
ಮೂಲೆಯ ಚೌಕದೊಳಗೆ ಹಾಜರಿ: ೫೩.

ಆ ಚೌಕವನ್ನು ನಂಬಿ ಚಿಕ್ಕತಾಯಮ್ಮ ಅಕ್ಕಿ ಅಳೆಯುತ್ತಾಳೆ.
ಅಕ್ಷರ ಅವಳಿಗೆ ಒಲಿಯಲಿಲ್ಲ, ಅಂಕಿ ಒಲಿಯಿತು.
ಐದು ಕೆಜಿ ಮುನ್ನೂರು ಗ್ರಾಂ,
ಮೇಲೊಂದು ಹಿಡಿ.
ಹಿಡಿ ಯಾವ ಪುಸ್ತಕಕ್ಕೂ ಏರುವುದಿಲ್ಲ.

ಸುದ್ದಿ ಬರೆಯುವುದು ನಾಲ್ಕನೇ ತರಗತಿಯ ಸರದಿ.
ಸೋಮವಾರ: ಧನುಷನ ಹಲ್ಲು ಬಿತ್ತು. ಹೆಂಚಿನ ಮೇಲೆ ಎಸೆದೆವು.
ಮಂಗಳವಾರ: ನಾಲೆಗೆ ನೀರು ಬಿಟ್ಟಿದ್ದಾರೆ. ಯಾರೂ ಇಳಿಯಬಾರದು.
ಬುಧವಾರ: ಮೊಟ್ಟೆ.
ಬರೀ ಮೊಟ್ಟೆ ಅಂದ್ರೆ ಸುದ್ದಿಯೇನೋ, ಕ್ರಿಯಾಪದ ಎಲ್ಲಿ?
ಮುಜಮ್ಮಿಲ್ ಸೀಮೆಸುಣ್ಣ ಕಚ್ಚುತ್ತ ಯೋಚಿಸಿ
ಸೇರಿಸಿದ: ಮೊಟ್ಟೆ ಅದೆ.
'ಇದೆ' ಎಂದು ತಿದ್ದಲು ಹೋದ ಕೈ
ಯಾಕೋ ಹಾಗೇ ಹಿಂದೆ ಬಂತು.

ಕಬ್ಬು ಕಡಿಯುವವರು ಬಂದಿಳಿದದ್ದು ಕಾರ್ತೀಕದಲ್ಲಿ.
ಶಾಲೆಯ ಹಿಂದಿನ ಬಯಲಲ್ಲಿ ನೀಲಿ ಟಾರ್ಪಾಲುಗಳು.
ಅಲ್ಲಿಂದ, ತಮ್ಮನನ್ನು ಸೊಂಟಕ್ಕೆ ಹೊತ್ತು
ಬಾಗಿಲಲ್ಲಿ ನಿಂತಳು ಹುಲಿಗೆಮ್ಮ.
'ಯಾವೂರಮ್ಮ?'
'ಕೊಪ್ಪಳ್ರಿ.'
ಇಡೀ ತರಗತಿ ಗೊಳ್ಳೆಂದಿತು: 'ನಮ್ದೂ ಕೊಪ್ಲೇ ಕಣಮ್ಮಿ!'
ಒಂದರ ಕೆಳಗೊಂದು ಬರೆದು ತೋರಿಸಿದೆ,
ಕೊಪ್ಪಳ. ಕೊಪ್ಪಲು.
ನಾಲಗೆ ಮಡಿಚಿದರೆ ಅವಳೂರು, ಬಿಡಿಸಿದರೆ ನಮ್ಮೂರು.
ಒಂದಕ್ಷರದ ದಾರಿ;
ಲಾರಿಯ ಬೆನ್ನಲ್ಲಿ ಒಂದು ರಾತ್ರಿ, ಅರ್ಧ ಹಗಲು.

ಚೌಕದಲ್ಲಿ ೫೪ ಆಯಿತು.
ತಮ್ಮನಿಗೆ ರಿಜಿಸ್ಟರಿನಲ್ಲಿ ಸಾಲಿಲ್ಲ.
ಮೇಲಿನ ಹಿಡಿ ಅವನದಾಯಿತು.

ಅವಳ ಸರದಿ ಬಂದ ದಿನ ಹಲಗೆಯ ಮೇಲೆ
ಗುಂಡಗೆ, ಒತ್ತಿ ಒತ್ತಿ ಬರೆದಿದ್ದಳು:
ರಾತ್ರಿ ನಮ್ಮ ಟಾರ್ಪಾಲದಾಗ ಹಾವು ಬಂದಿತ್ತು. ತಾನ ಹೋತು.
ಡೈರಿಗೆ ಹಾಲು ಹಾಕಿ ಬಂದವರು ಓದಿದರು.
ಎಸ್‌ಡಿಎಂಸಿ ಅಧ್ಯಕ್ಷ ಜವರಪ್ಪ
ಬೈಕು ಆರಿಸದೆ ಓದಿದ, ಆರಿಸಿ ಇನ್ನೊಮ್ಮೆ ಓದಿದ.
ಸಂಜೆಗೆ ಶಾಲೆಯ ಗೋಡೆಯಿಂದ ವೈರು ಎಳೆದು
ಬಯಲಿಗೊಂದು ಬಲ್ಬು.
ಬಿಲ್ಲು ಯಾರು ಕಟ್ಟಬೇಕು ಅಂತ
ಮುಂದೆ ಎರಡು ಸಭೆ ಜಗಳ ನಡೆಯಿತು. ಅದು ಬೇರೆ ಮಾತು.

ಕಳೆಯುವ ಲೆಕ್ಕ ಅವಳಿಗೆ ಹತ್ತುತ್ತಿರಲಿಲ್ಲ.
ಪಕ್ಕದ ಮನೆಯಿಂದ ದಶಕ ಸಾಲ ತರುವುದು ಅಂದರೆ
'ಯಾಕ್ರಿ ಟೀಚರ್ರಿ, ತಿರುಗಿ ಕೊಡೂದು ಯಾವಾಗ?'
ನನ್ನ ಹತ್ತಿರ ಉತ್ತರವಿರಲಿಲ್ಲ.
ಹತ್ತು ಹುಣಿಸೆಬೀಜ ಕೊಟ್ಟೆ,
ಐದು ಸುಟ್ಟು ತಿಂದಳು.

ಫೆಬ್ರವರಿಯ ಒಂದು ಸೋಮವಾರ
ಮಂಡ್ಯದ ಬಸ್ಸು ತಡವಾಗಿ, ಗೇಟಿಗೆ ಓಡಿ ಬಂದರೆ
ಹಿಂದಿನ ಬಯಲು ಬಯಲಾಗಿತ್ತು.
ಮೂರು ಕಲ್ಲಿನ ಒಲೆಗಳು, ಬೂದಿ, ಒಂಟಿ ಚಪ್ಪಲಿ.
ಬಲ್ಬು ಮಾತ್ರ ಹಗಲಲ್ಲೂ ಉರಿಯುತ್ತಿತ್ತು.
ಹಲಗೆಯ ಮೇಲೆ ಅವಳ ಗುಂಡಕ್ಷರ,
ಕತ್ತಲಲ್ಲಿ ಬರೆದದ್ದಕ್ಕೆ ಸಾಲು ಇಳಿಜಾರು:
ಇವತ್ತ ನಾವು ಹೊಂಟೇವಿ.
ಚೌಕದೊಳಗೆ ೫೪ ಹೊಡೆದು
ಪಕ್ಕದಲ್ಲಿ ಪುಟ್ಟದಾಗಿ ೫೩.

ತನ್ನನ್ನು ತಾನೇ ಕಳೆದಿದ್ದಳು.
ಲೆಕ್ಕ ಸರಿ ಇತ್ತು.

'ಮೇಡಂ, ಐವತ್ಮೂರೇ ಹಾಕ್ಲಾ?'
ಚಿಕ್ಕತಾಯಮ್ಮ ಪಾವು ಹಿಡಿದು ಕೇಳಿದಳು.
ಜ್ವರ ಬಂದು ಇನ್ನಿಬ್ಬರು ಬಂದಿರಲಿಲ್ಲ,
ನಿಜಕ್ಕೂ ಐವತ್ತೊಂದು.
ಹೂಂ ಅಂದೆ. ಅಕ್ಕಿ ಅಳೆದಳು,
ಮೇಲಿನ ಹಿಡಿ ತುಂಬಿ, ತಡೆದು,
ಅದನ್ನೂ ಹಾಕಿದಳು.
ಮಧ್ಯಾಹ್ನ ಕಾಗೆಗಳಿಗೆ ಹಬ್ಬ.

ಬುಧವಾರ ಮತ್ತೆ ಮುಜಮ್ಮಿಲನ ಸರದಿ.
ಯಾರೂ ನಗಲಿಲ್ಲ, ನಾನು ತಿದ್ದಲಿಲ್ಲ.
ಇಂದಿನ ಸುದ್ದಿ:
ಮೊಟ್ಟೆ ಅದೇರಿ.